ಸಿಂಗಲ್ ಓನರ್ ಗಾಡಿ

ಸರ್ವೀಸಿಗೆ ಬಿಡುತ್ತೇನೆಂದು ಹೇಳಿ ಒಯ್ದ ಹೆಂಡತಿಯ ಕಾರನ್ನು ನಂಜುಂಡಸ್ವಾಮಿ ಟಿ. ನರಸೀಪುರದ ಡೀಲರೊಬ್ಬನಿಗೆ ಎಕ್ಸ್‌ಚೇಂಜಿಗೆ ಕೊಟ್ಟು, ತನಗೊಂದು ದೊಡ್ಡ ಗಾಡಿ ತಂದುಕೊಂಡ. ಹೆಂಡತಿ ಸುನೀತಾ ಆಗ ತಾಂಡ್ಯದ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿಯಲ್ಲಿದ್ದಳು.

ಸಂಜೆ ದೇವನೂರಿಗೆ ಬಂದ ಆ ಗಾಡಿ ಕರ್ರಗೆ, ಹುಲ್ಲು ಹೇರಿದ ಎತ್ತಿನ ಗಾಡಿಯಷ್ಟು ಎತ್ತರಕ್ಕಿತ್ತು. ಮನೆಯ ಓಣಿಗೆ ತಿರುಗಲಿಲ್ಲ. ಹಾಲಿನ ಡೈರಿಯ ಮುಂದೆಯೇ ನಿಂತಿತು, ಮತ್ತು ನಂಜುಂಡಸ್ವಾಮಿಗೆ ಬೇಕಾಗಿದ್ದೂ ಅದೇ. ಎರಡು ತಿಂಗಳ ಹಿಂದೆ ಅವನು ಡೈರಿಗೆ ನಿರ್ದೇಶಕನಾಗಿ ಆಯ್ಕೆಯಾಗಿದ್ದ. ನಿರ್ದೇಶಕನಾದವನು ಬಗ್ಗಿ ಸಣ್ಣ ಕಾರಿನೊಳಕ್ಕೆ ತೂರಿಕೊಳ್ಳಬಾರದು, ಮೇಲಿನಿಂದ ಕೆಳಕ್ಕೆ ಇಳಿಯಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ; ತಾನಾಗಿಯೇ ಹೊಳೆದಿತ್ತು. ಈ ಗಾಡಿ ಹೆಂಗಸರ ಕೈಗೆ ನಿಲ್ಲುವಂಥದ್ದಲ್ಲ ಎಂದೂ ಅವನೇ ಊರಿಗೆ ಸಾರಿದ.

ಸುನೀತಾ ತನ್ನ ಕಾರೆಲ್ಲಿ ಎಂದು ಕೇಳಿದಳು. ಹೇಳಿದ. ಅದು ತನ್ನ ಕಾರಲ್ಲವೇ ಎಂದಳು. ನಂಜುಂಡಸ್ವಾಮಿ ದನಿ ಏರಿಸುವ ಗಂಡಸಲ್ಲ. ಮಗ್ಗಿ ಒಪ್ಪಿಸುವವನ ಹಾಗೆ ತಣ್ಣಗೆ ಕೇಳಿದ.

“ನಿನ್ನ ಕಾರು ಅಂತ ಎಲ್ಲಿ ಬರ್ದದೆ?”

ಎಲ್ಲೂ ಬರೆದಿರಲಿಲ್ಲ. ಎಂಟು ವರ್ಷದ ಹಿಂದೆ ಓವರ್‌ಟೈಮ್ ದುಡಿದು ಕೂಡಿಟ್ಟು ಅವಳು ಆ ನೀಲಿ ಕಾರನ್ನು ಕೊಂಡಾಗ, ಷೋರೂಮಿನ ಹುಡುಗಿ ಪೆನ್ನು ಹಿಡಿದು “ಯಜಮಾನರ ಹೆಸರು ಹೇಳಿ ಮೇಡಂ” ಎಂದಿದ್ದಳು. ಸುನೀತಾ ಹೇಳಿದ್ದಳು. ಹೆಣ್ಣು ದುಡಿದದ್ದಕ್ಕೆ ಗಂಡಿನ ಹೆಸರು ಬರೆಯುವುದು ಈ ನಾಡಿನಲ್ಲಿ ಅಷ್ಟು ಸಲೀಸು. ಕೇಳುವವರಿಗೂ ಅಭ್ಯಾಸ, ಹೇಳುವವರಿಗೂ ಅಭ್ಯಾಸ, ಕೊನೆಗೆ ಪೆನ್ನಿಗೂ ಅಭ್ಯಾಸವಾಗಿಬಿಟ್ಟಿದೆ.

ಆ ಕಾರು ನಾಲ್ಕು ಹೆಂಗಸರ ಬೆಳಗಾಗಿತ್ತು. ಐದೂಕಾಲಿಗೆ ದೇವನೂರು ಬಿಟ್ಟರೆ ಆರರ ಪಾಳಿಗೆ ಗೇಟು ಮುಚ್ಚುವ ಮೊದಲೇ ತಾಂಡ್ಯ. ಹಿಂದಿನ ಸೀಟಿನಲ್ಲಿ ಪ್ಯಾಕಿಂಗಿನ ಚನ್ನಾಜಮ್ಮ, ಅವಳ ಪಕ್ಕದಲ್ಲಿ ಅವಳ ನಾದಿನಿ. ನಂಜನಗೂಡಿನಲ್ಲಿ ಚಂಪಕ ಹತ್ತುತ್ತಿದ್ದಳು. ದೇವಸ್ಥಾನದ ಅರ್ಚಕರ ಮನೆಯ ಮಗಳು, ಫ್ಯಾಕ್ಟರಿಯ ಲ್ಯಾಬಿನವಳು. ಚನ್ನಾಜಮ್ಮನ ಡಬ್ಬಿಯ ಹುರುಳಿ ಚಟ್ನಿಯೂ ಚಂಪಕಳ ಡಬ್ಬಿಯ ಪುಳಿಯೋಗರೆಯೂ ಆ ಕಾರಿನಲ್ಲಿ ಕಲೆತಷ್ಟು ಊರಿನ ಯಾವ ಪಂಕ್ತಿಯಲ್ಲೂ ಕಲೆತದ್ದಿಲ್ಲ. ಗಂಡಂದಿರ ಮೇಲಿನ ದೂರು, ಸೂಪರ್‌ವೈಸರನ ಅಣಕ, ಮಕ್ಕಳ ಮಾರ್ಕ್ಸು ಎಲ್ಲವೂ ಆ ನಲವತ್ತು ನಿಮಿಷದಲ್ಲಿ ಇತ್ಯರ್ಥವಾಗಬೇಕಿತ್ತು. ಈಗ ಬಸ್ಸು. ಅದು ಆರೂ ಹತ್ತಕ್ಕೆ ಮೊದಲು ಮುಟ್ಟಿಸುತ್ತಿರಲಿಲ್ಲ. ತಡವಾದರೆ ಅರ್ಧ ದಿನ ಕಟ್. ಒಂದು ತಿಂಗಳಲ್ಲಿ ಚನ್ನಾಜಮ್ಮನಿಗೆ ಎರಡು ನೋಟೀಸು ಬಂದವು. ಮೂರನೆಯದಕ್ಕೆ ಮನೆಗೆ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು.

ಸುನೀತಾ ಗಂಡನ ಜೊತೆ ಜಗಳವಾಡಲಿಲ್ಲ. ಮಾತು ನಿಲ್ಲಿಸಿದಳು. ಕಾರು ಯಾರ ಪಾಲಾಯಿತೋ ಎಂದು ಅದರ ಆಸೆ ಬಿಟ್ಟೂ ಇದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಪಾಳಿ ಮುಗಿಸಿ ಲಾಕರಿನಿಂದ ಫೋನು ತೆಗೆಯುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಯಾರೋ ಗಂಡಸು, ಜೇನು ಸವರಿದ ದನಿ. ಮೇಡಂ, ನಿಮ್ಮ ನಂಬರಿಗೆ ಈಗೊಂದು ಒಟಿಪಿ ಬಂದಿರುತ್ತದೆ, ಸ್ವಲ್ಪ ಓದಿ ಹೇಳಿಬಿಡಿ ಎಂದ. ಆ ವಾರವಷ್ಟೇ ಫ್ಯಾಕ್ಟರಿಯಲ್ಲಿ ಸೈಬರ್ ವಂಚನೆಯ ಬಗ್ಗೆ ಭಾಷಣ ಮಾಡಿಸಿದ್ದರು. ಸುನೀತಾ ಒಂದು ತಿಂಗಳಿಂದ ಗಂಡನಿಗೆ ಆಡದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ ಅವನ ಮೇಲೆ ಸುರಿದಳು. ನಿನ್ನಂಥ ಹತ್ತು ಜನರನ್ನು ಕಂಡಿದ್ದೇನೆ, ನಿನ್ನ ನಂಬರು ಪೊಲೀಸರಿಗೆ ಕೊಡುತ್ತೇನೆ, ನಿಮ್ಮಮ್ಮನ ನಂಬರು ನನಗೆ ಕೊಡು, ಅವರ ಹತ್ತಿರವೂ ಒಂದು ಮಾತು ಆಡುವುದಿದೆ ಎಂದಳು. ಅವನು ಕರೆ ಕಡಿದ.

ಎದೆ ಹಗುರಾಗಿ ಮೆಸೇಜು ತೆರೆದು ನೋಡಿದರೆ, ಅದರಲ್ಲಿ ಅವಳ ನೀಲಿ ಕಾರಿನ ನಂಬರಿತ್ತು. ಈ ವಾಹನದ ಮಾಲೀಕತ್ವ ವರ್ಗಾವಣೆಗೆ ಮಾರುವವರ ಒಟಿಪಿ ಇದು, ಯಾರಿಗೂ ಹೇಳಬೇಡಿ ಎಂದಿತ್ತು.

ಸುನೀತಾ ಲಾಕರಿನ ಮುಂದೆ ನಿಂತಲ್ಲೇ ನಗಲು ಶುರುಮಾಡಿದಳು. ಚಂಪಕ ಬಂದು ಏನೆಂದು ಕೇಳಿದರೆ ಹೇಳಲಾರದಷ್ಟು ನಗು.

ವಿಷಯ ಇಷ್ಟೇ. ನಂಜುಂಡಸ್ವಾಮಿ ವರ್ಷಕ್ಕೆ ಎರಡು ಸಿಮ್ ಬದಲಿಸುವ ಆಸಾಮಿ. ಒಂದು ಸಲ ಫೋನು ನಾಲೆಗೆ ಬೀಳುತ್ತಿತ್ತು, ಇನ್ನೊಂದು ಸಲ ಬೇರೆ ಕಂಪನಿಯ ಆಫರು ಬರುತ್ತಿತ್ತು. ಹಾಗಾಗಿ ಆ ಮನೆಯ ಗ್ಯಾಸು, ಪಡಿತರ, ಅತ್ತೆಯ ಪಿಂಚಣಿ, ಹಾಲಿನ ಪ್ರೋತ್ಸಾಹಧನ, ಕಾರಿನ ಆರ್‌ಸಿ, ನಂಜುಂಡಸ್ವಾಮಿಯ ಆಧಾರ್ ಸಮೇತ ಎಲ್ಲಕ್ಕೂ ಸುನೀತಾಳದೇ ನಂಬರು. ಮನೆಯವರ ಹೆಸರೆಲ್ಲ ಕಾಗದದ ಮೇಲೆ ಅವನ ಕೆಳಗಿತ್ತು. ಆ ಹೆಸರುಗಳು ಅಲ್ಲಾಡಬೇಕಾದರೆ ಅವಳ ಫೋನು ಕುಂಯ್ ಎನ್ನಬೇಕಿತ್ತು. ಡೀಲರುಗಳಿಗೋ ಇನ್ನೊಂದು ಅಭ್ಯಾಸ. ಎಕ್ಸ್‌ಚೇಂಜಿಗೆ ಬಂದ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವುದಿಲ್ಲ. ಹಳೆಯ ಮಾಲೀಕನಿಂದ ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಟ್ಟುಕೊಂಡು, ಗಿರಾಕಿ ಸಿಕ್ಕಾಗ ನೇರ ಅವನ ಹೆಸರಿಗೆ ದಾಟಿಸುತ್ತಾರೆ. ಅಂದರೆ ಕಾರು ಇನ್ನೂ ಯಾರಿಗೂ ದಾಟಿಲ್ಲ. ಅವಳು ಆ ಆರು ಅಂಕಿ ಹೇಳುವ ತನಕ ದಾಟುವುದೂ ಇಲ್ಲ.

ಹಿಂದಿನ ವಾರ ಗಂಡ ಕಾಫಿ ಲೋಟ ಹಿಡಿದು ಬಂದು, ಮಳೆ ಯಾವಾಗ ನೋಡಬೇಕು ನಿನ್ನ ಫೋನು ಕೊಡು ಎಂದು ಮುದ್ದಾಗಿ ಕೇಳಿದ್ದು ಯಾಕೆಂದು ಅವಳಿಗೆ ಆಗ ಅರ್ಥವಾಯಿತು. ಮಳೆ ಬಂದಾಗ ಗೊತ್ತಾಗುತ್ತದೆ ಎಂದು ಅವಳು ಅವನಿಗಲ್ಲ, ಅತ್ತೆಯ ಕಡೆ ತಿರುಗಿ ಹೇಳಿದ್ದಳು.

ಮನೆಗೆ ಬಂದವಳು ನೇರ ಕೊಟ್ಟಿಗೆಗೆ ಹೋದಳು. ಅತ್ತೆ ದೇವೀರಮ್ಮ ಹಾಲು ಕರೆಯುತ್ತಿದ್ದರು.

“ಅತ್ತೆ, ನಮ್ಮ ಕಾರು ಇನ್ನೂ ಮಾರಾಟ ಆಗಿಲ್ಲ.”

ದೇವೀರಮ್ಮ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. “ಎಲ್ಲದೆ?”

“ನರಸೀಪುರದಲ್ಲಿ.”

“ಓಗಿ ಇಡ್ಕಂಡು ಬರಾನ ನಡಿ.”

ಕಳೆದುಹೋದ ಹಸು ಪಂಚಾಯಿತಿಯ ದೊಡ್ಡಿಯಲ್ಲಿದೆ ಎಂದು ಸುದ್ದಿ ಬಂದಾಗ ಆಡುವ ಮಾತು ಅದು. ದೇವೀರಮ್ಮನಿಗೆ ತಮ್ಮದೇ ಒಂದು ಸಿಟ್ಟಿತ್ತು. ನೀಲಿ ಕಾರಿನ ಮುಂದಿನ ಸೀಟು ಅವರದಾಗಿತ್ತು, ಆಸ್ಪತ್ರೆಗೂ ಅದೇ, ತಂಗಿಯನ್ನು ಕೊಟ್ಟ ಮೂಗೂರಿಗೂ ಅದೇ. ಮಗನ ದೊಡ್ಡ ಗಾಡಿಗೆ ಹತ್ತಲು ಅವರ ಮಂಡಿ ಏಳುತ್ತಿರಲಿಲ್ಲ. ಒಂದು ದಿನ ಮಗ ಡೈರಿಯ ಮುಂದೆ, ಹತ್ತು ಜನರ ಎದುರಿಗೆ, ಅವರನ್ನು ಹಿಂಡಿಯ ಮೂಟೆಯಂತೆ ಎತ್ತಿ ಒಳಗಿಟ್ಟಿದ್ದ. ಅಂದಿನಿಂದ ಅವರು ಅದರ ನೆರಳಿನಲ್ಲೂ ನಿಲ್ಲುತ್ತಿರಲಿಲ್ಲ.

ದುಡ್ಡು ಹೊಂದಿತು. ಸುನೀತಾ ಚೀಟಿ ಎತ್ತಿದಳು. ಚನ್ನಾಜಮ್ಮ, ಅವಳ ನಾದಿನಿ, ಚಂಪಕ ಮೂವರೂ ಪೆಟ್ರೋಲಿನ ಪಾಲನ್ನು ಮುಂಗಡವಾಗಿ ಕೊಟ್ಟರು. ಒಬ್ಬೊಬ್ಬರಾಗಿ ಬಸ್ಸಿಗೆ ಬೈಯುವುದಕ್ಕಿಂತ ನಾಲ್ವರೂ ಸೇರಿ ಒಂದು ಸ್ಟೀರಿಂಗ್ ಹಿಡಿಯುವುದು ಮೇಲು ಎಂದವಳು ಚಂಪಕ. ಭಾನುವಾರ ಅತ್ತೆ ಸೊಸೆ ಮೂಗೂರಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಹತ್ತೂವರೆಗೆ ಟಿ. ನರಸೀಪುರದಲ್ಲಿ ಇಳಿದರು.

ಡೀಲರ್ ಮದನನ ಕಾರಿನಂಗಡಿ ಕೊಳ್ಳೇಗಾಲದ ರಸ್ತೆಯಲ್ಲಿತ್ತು. ತಗಡಿನ ಚಾವಣಿ, ಬಣ್ಣಬಣ್ಣದ ಪ್ಲಾಸ್ಟಿಕ್ ಬಾವುಟದ ತೋರಣ, ಎರಡು ಸಾಲಿನಲ್ಲಿ ತೊಳೆದು ನಿಲ್ಲಿಸಿದ ಕಾರುಗಳು. ಮದನನಿಗೆ ಮೂವತ್ತು ದಾಟಿರಲಿಲ್ಲ. ತಲೆಯ ಮೇಲೆ ಕೂಲಿಂಗ್ ಗ್ಲಾಸು, ಎರಡು ಕೈಗೆ ಎರಡು ಫೋನು. ದನಿ ಕೇಳಿದ ಕೂಡಲೇ ಸುನೀತಾಳಿಗೆ ಗುರುತು ಸಿಕ್ಕಿತು, ಅದೇ ಜೇನು. ಅವನಿಗೆ ಸಿಗಲಿಲ್ಲ. ಬೈಗುಳದ ದನಿಗೂ ಗಿರಾಕಿಯ ದನಿಗೂ ಸಂಬಂಧವಿರುತ್ತದೆಂದು ಯಾವ ವ್ಯಾಪಾರಿ ಎಣಿಸಿಯಾನು?

ಯಜಮಾನರು ಬಂದಿಲ್ಲವೇ ಎಂದು ಅವನು ಮೊದಲು ಕೇಳಿದ. ಬರುತ್ತಾರೆ ಎಂದಳು. ಹಾಗಾದರೆ ಅವರು ಬಂದಮೇಲೇ ಗಾಡಿ ತೋರಿಸೋಣ, ಅಲ್ಲಿಯವರೆಗೆ ಟೀ ಕುಡಿಯಿರಿ ಎಂದ. ಟೀ ಬಸ್ ಸ್ಟ್ಯಾಂಡಿನಲ್ಲೇ ಆಯಿತು, ಗಾಡಿ ತೋರಿಸಪ್ಪ ಎಂದರು ದೇವೀರಮ್ಮ.

ನೀಲಿ ಕಾರು ಎರಡನೇ ಸಾಲಿನ ಕೊನೆಯಲ್ಲಿತ್ತು. ಹೊಸ ಸೀಟ್ ಕವರು ಹಾಕಿ, ಟೈರಿಗೆ ಕರಿ ಬಳಿದು, ಮದುವೆಗೆ ಕೂಡಿಸಿದ ಹಾಗೆ ಮಾಡಿದ್ದರು. ಸುನೀತಾ ಅದಕ್ಕೆ ಒಂದು ಸುತ್ತು ಬಂದಳು. ಮದನ ಅಷ್ಟರಲ್ಲಿ ಕಥೆ ಶುರುಮಾಡಿದ್ದ. ಪ್ರತಿ ಕಾರಿಗೂ ಅವನ ಬಳಿ ಒಂದೊಂದು ಕಥೆಯಿತ್ತು, ಇದಕ್ಕೂ ಇತ್ತು. ಇದು ಒಬ್ಬ ದೊಡ್ಡ ರೈತರದು. ಭಾರಿ ಶಿಸ್ತಿನ ಮನುಷ್ಯ. ತಿಂಗಳಿಗೊಂದು ಸಲ ದೇವಸ್ಥಾನಕ್ಕೆ ಹೋಗಿ ಬರುವುದು ಬಿಟ್ಟರೆ ಶೆಡ್ಡಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಗಾಡಿ ನಿಂತು ನಿಂತು ಬೇಜಾರಾಗಿ ಕೊಟ್ಟುಬಿಟ್ಟರು.

ಆಮೇಲೆ ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, ಗುಟ್ಟು ಹೇಳುವವನಂತೆ ದನಿ ಇಳಿಸಿದ.

“ಇನ್ನೊಂದು ವಿಷ್ಯ ಮೇಡಂ. ಸಿಂಗಲ್ ಓನರ್ ಗಾಡಿ, ಹೆಂಗಸರ ಕೈಗೆ ಹೋಗೇ ಇಲ್ಲ. ಅವರೇ ಬಾಯ್ಬಿಟ್ಟು ಹೇಳಿದ್ರು, ನಾನೊಬ್ನೇ ಓಡ್ಸಿರೋದು ಅಂತ. ಅದಕ್ಕೇ ನೋಡಿ, ಕ್ಲಚ್ಚು ಬೆಣ್ಣೆ.”

ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಹೊಸ್ತಿಲಲ್ಲೇ ನಗುವಿಗೆ ಡಿಕ್ಕಿ ಹೊಡೆದು ನಿಂತಿತು. ಎಂಟು ವರ್ಷ ಬೆಳಗಿನ ಐದೂಕಾಲರ ಮಂಜಿನಲ್ಲಿ, ರಸ್ತೆಯ ಗುಂಡಿಗಳಲ್ಲಿ, ನಂಜನಗೂಡಿನ ರೈಲ್ವೆ ಗೇಟಿನ ಸಾಲಿನಲ್ಲಿ ತನ್ನ ಎಡಗಾಲು ಹದ ಮಾಡಿದ ಕ್ಲಚ್ಚಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಇದು. ಕೊಟ್ಟವನಿಗೆ ಯಾರಿಗೆ ಕೊಟ್ಟೆನೆಂದು ಗೊತ್ತಿಲ್ಲ, ಅಷ್ಟೇ. ಅವಳು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು, ಓಡಿಸಿ ನೋಡಬೇಕು ಎಂದಳು.

ದೇವೀರಮ್ಮ ಆಗಲೇ ಎಡಗಡೆಯ ಮುಂದಿನ ಬಾಗಿಲ ಬಳಿ ಹೋಗಿದ್ದರು. ಅಜ್ಜಿ, ಅದು ತೆಗೆಯೋದಿಲ್ಲ, ಮೆಕ್ಯಾನಿಕ್ ಬರಬೇಕು ಎಂದು ಮದನ ಹೇಳುವಷ್ಟರಲ್ಲಿ, ಅವರು ಹಿಡಿಯನ್ನು ಒಂದಿಷ್ಟು ಮೇಲಕ್ಕೆತ್ತಿ, ಸೊಂಟದಿಂದ ಒಂದು ಗುದ್ದು ಕೊಟ್ಟು, ಬಾಗಿಲು ತೆರೆದು, ಸೀಟಿನಲ್ಲಿ ಕೂತು ಕಾಲು ಚಾಚಿದ್ದರು. ಒಂದು ತಿಂಗಳಿಂದ ಆ ಬಾಗಿಲ ಜೊತೆ ಗುದ್ದಾಡಿದ್ದ ಮದನ ಹಿಂದಿನ ಸೀಟಿಗೆ ಹೋಗಿ ಕೂತ.

ಸುನೀತಾ ಕೀಲಿ ತಿರುಗಿಸಿದಳು. ಕಾರು ಕೆಮ್ಮದೆ ಎದ್ದಿತು.

ಭಾನುವಾರದ ಪೇಟೆ. ಸೊಪ್ಪಿನ ಗಾಡಿಗಳು, ಎಮ್ಮೆಗಳು, ಅಡ್ಡಡ್ಡ ನಿಂತ ಆಟೋಗಳು. ಅವುಗಳ ನಡುವೆ ನೀಲಿ ಕಾರು ಎಣ್ಣೆ ಬಿಟ್ಟ ಅಗುಳಿಯಂತೆ ಜಾರಿತು. ಸೇತುವೆಯ ಮೇಲೆ ಬಂದಾಗ ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ನಂಜನಗೂಡಿನಲ್ಲಿ ದಿನಾ ದಾಟುವ ಕಪಿಲೆಯೇ ಇಲ್ಲಿ ಕಾವೇರಿಗೆ ಸೇರಿ ಅಗಲವಾಗಿದ್ದಳು. ದೇವೀರಮ್ಮ ಕಿಟಕಿಯ ಹೊರಗೆ ಕೈ ಚಾಚಿ ಗಾಳಿಯನ್ನು ಹಿಡಿಯುತ್ತಾ, ಯಾವುದೋ ಸೋಬಾನೆಯ ಸಾಲು ಗುನುಗತೊಡಗಿದರು. ಎದುರಿನಿಂದ ಕಬ್ಬಿನ ಲಾರಿ, ಹಿಂದಿನಿಂದ ಬಸ್ಸು. ಸುನೀತಾ ಒಮ್ಮೆಯೂ ಹಾರನ್ ಮಾಡದೆ ಎರಡರ ನಡುವೆ ದಾರಿ ಮಾಡಿಕೊಂಡು ದಾಟಿದಳು. ಒಂದು ತಿಂಗಳು ಬಸ್ಸಿನ ಕಂಬಿ ಹಿಡಿದು ಜೋಮು ಹಿಡಿದಿದ್ದ ಅಂಗೈಗೆ ಈಗ ರಕ್ತ ಓಡಿತು. ಬೇಕೆಂದೇ ಎರಡು ಮೈಲಿ ಹೆಚ್ಚು ಹೋದಳು. ಹಿಂದೆ ಕೂತ ಮದನ ಮೊದಲು ಸೀಟು ಗಟ್ಟಿಯಾಗಿ ಹಿಡಿದಿದ್ದವನು, ಬರುತ್ತಾ ಬರುತ್ತಾ ಹಿಡಿತ ಬಿಟ್ಟು, ಮೇಡಂ ನೀವು ಡ್ರೈವಿಂಗ್ ಸ್ಕೂಲ್ ಇಟ್ಟಿದ್ದೀರಾ ಎಂದು ಕೇಳಿದ.

ಅಂಗಡಿಗೆ ವಾಪಸು ಬಂದು, ಎರಡು ಕಾರುಗಳ ನಡುವಿನ ಇಕ್ಕಟ್ಟಿಗೆ ಒಂದೇ ತಿರುವಿನಲ್ಲಿ ಹಿಂದಕ್ಕೆ ಹಾಕಿ ನಿಲ್ಲಿಸಿದ ಮೇಲೆ ವ್ಯಾಪಾರ ಶುರುವಾಯಿತು. ಮದನ ಬೆಲೆ ಹೇಳಿದ. ಸುನೀತಾ ಕಾರಿನ ರೋಗಗಳನ್ನು ಹೇಳಿದಳು. ಹಿಂದಿನ ಎಡಗಡೆಯ ಗಾಜು ಅರ್ಧಕ್ಕೆ ನಿಲ್ಲುತ್ತದೆ. ವೈಪರು ಎರಡನೇ ಸಲ ಬಡಿಯುವುದಿಲ್ಲ. ಸ್ಟೆಪ್ನಿ ಟೈರಿಗೆ ಮೂರು ಪಂಕ್ಚರ್ ಇದೆ, ನಾಲ್ಕನೆಯದನ್ನು ತಾಳುವುದಿಲ್ಲ. ಮಳೆಗಾಲದಲ್ಲಿ ಡಿಕ್ಕಿಯೊಳಗೆ ಬಲಮೂಲೆಯಲ್ಲಿ ನೀರು ನಿಲ್ಲುತ್ತದೆ. ಮದನ ಪ್ರತಿಯೊಂದನ್ನೂ ಪರೀಕ್ಷಿಸಿದ, ಪ್ರತಿಯೊಂದೂ ಹಾಗೇ ಇತ್ತು. ಸ್ಟೆಪ್ನಿ ಟೈರನ್ನು ಡಿಕ್ಕಿಯ ಚಾಪೆ ಎತ್ತದೆ ಹೇಗೆ ನೋಡಿದಿರಿ ಎಂದು ಅವನು ಬೆವರೊರೆಸುತ್ತಾ ಕೇಳಿದಾಗ, ಅನುಭವ ಎಂದಳು.

ಕೊನೆಯ ಮಾತನ್ನು ದೇವೀರಮ್ಮ ಕೈಗೆತ್ತಿಕೊಂಡರು, ನಿಜವಾಗಿಯೂ ಕೈಗೆ. ಗಂಡ ತೀರಿಕೊಂಡ ಮೇಲೆ ಸಂತೆಗೆ ತಾವೇ ಹೋಗಿ ಹಸು ಹಿಡಿದು ತಂದ ಹೆಂಗಸು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ; ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು, ಮಡಿಸಿ, ಒತ್ತಿ ಹೇಳುತ್ತಾರೆ. ಅಕ್ಕಪಕ್ಕದವರಿಗೆ ಕೇಳಬಾರದು. ದೇವೀರಮ್ಮ ಭುಜದ ಮೇಲಿನ ಟವೆಲನ್ನು ಮದನನ ಬಲಗೈಗೆ ಹೊದಿಸಿ ಒಳಗೆ ಕೈ ಹಾಕಿದರು. ಅವನು ಮೊದಲು ಬೆಚ್ಚಿದ, ಆಮೇಲೆ ಅವನ ಮುಖ ಅರಳಿತು. ಅವನ ತಾತ ಇದೇ ತಾಲ್ಲೂಕಿನ ಸಂತೆಗಳಲ್ಲಿ ದಲ್ಲಾಳಿಯಾಗಿದ್ದರಂತೆ. ಚಿಕ್ಕವನಿದ್ದಾಗ ಮಲಗಿಸುವಾಗಲೂ ಬೆರಳು ಒತ್ತಿ ಲೆಕ್ಕ ಕಲಿಸುತ್ತಿದ್ದರಂತೆ. ತಾತ ಹೋದಮೇಲೆ ಯಾರೂ ನನ್ನ ಬೆರಳು ಹೀಗೆ ಹಿಡಿದಿಲ್ಲ ಅಜ್ಜಿ ಎಂದ. ಟವೆಲಿನಡಿಯಲ್ಲಿ ಎರಡು ಕೈಗಳು ಬಹಳ ಹೊತ್ತು ಕಾದಾಡಿದವು. ಒಮ್ಮೆ ಮದನ ನಕ್ಕ, ಒಮ್ಮೆ ಅಯ್ಯೋ ಎಂದ, ಒಮ್ಮೆ ಆಕಾಶ ನೋಡಿದ. ಕೊನೆಗೆ ದೇವೀರಮ್ಮ ಟವೆಲು ಕೊಡವಿ ಮತ್ತೆ ಭುಜಕ್ಕೆ ಹಾಕಿಕೊಂಡು, ಸೊಸೆಗೆ ಕಣ್ಣಲ್ಲೇ ಆಯಿತು ಎಂದರು.

ಕಾಗದದ ಮಾತು ಬಂದಾಗ ಮದನ ತಲೆ ಕೆರೆದುಕೊಂಡ. ಗಾಡಿ ಇವತ್ತೇ ತೆಗೆದುಕೊಂಡು ಹೋಗಿ, ಹೆಸರು ನಿಧಾನಕ್ಕೆ ಮಾಡಿಸೋಣ ಎಂದ. ಹಳೆಯ ಓನರ್ ಒಟಿಪಿ ಕೊಡುತ್ತಿಲ್ಲ, ಆರ್‌ಸಿಯಲ್ಲಿರುವ ನಂಬರಿಗೆ ಫೋನು ಮಾಡಿದರೆ ಯಾರೋ ಒಬ್ಬ ಮಾರಿಯಂಥ ಹೆಂಗಸು ಎತ್ತಿ ತನ್ನ ವಂಶವನ್ನೇ ತೊಳೆದಳು, ಇದೇ ಕಾರಣಕ್ಕೆ ಎರಡು ಗಿರಾಕಿ ಕೈತಪ್ಪಿದರು ಎಂದು ಮನಸ್ಸು ಬಿಚ್ಚಿ ಹೇಳಿಕೊಂಡ. ಎಷ್ಟೋ ಜನ ವರ್ಷಗಟ್ಟಲೆ ಹಳೆಯ ಹೆಸರಿನಲ್ಲೇ ಓಡಿಸುತ್ತಾರೆ, ಏನೂ ಆಗುವುದಿಲ್ಲ ಎಂದ.

“ಹೆಸರು ಆಗ್ದೆ ಗಾಡಿ ಬೇಡ,” ಎಂದಳು ಸುನೀತಾ. “ಒಂದ್ಸಲ ಆ ತಪ್ಪು ಮಾಡಿದ್ದೀನಿ.”

ಹಾಗಾದರೆ ಫಾರಮ್ಮಾದರೂ ತುಂಬಿಸಿಡೋಣ, ನಿಮ್ಮ ನಂಬರು ಹೇಳಿ, ಒಂದು ಮಿಸ್ ಕಾಲ್ ಕೊಡುತ್ತೇನೆ ಎಂದ ಮದನ. ಅವಳು ಹೇಳಿದಳು, ಅವನು ಒತ್ತಿದ. ಕೊನೆಯ ಅಂಕಿ ಒತ್ತುತ್ತಿದ್ದಂತೆ ಫೋನಿನ ಪರದೆಯ ಮೇಲೆ ಅವನೇ ಸೇವ್ ಮಾಡಿಟ್ಟಿದ್ದ ಹೆಸರು ಎದ್ದು ನಿಂತಿತು: ‘ಒಟಿಪಿ ಮಾರಿ’. ಮೇಜಿನ ಈಚೆ ಸುನೀತಾಳ ಫೋನು ಬಡಿದುಕೊಂಡಿತು.

ಮದನ ಪರದೆ ನೋಡಿದ, ಅವಳನ್ನು ನೋಡಿದ, ಹೊರಗೆ ಕಾರಿನ ಬಾಗಿಲಿಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ದೇವೀರಮ್ಮನನ್ನು ನೋಡಿದ. ತೆರೆಯದ ಬಾಗಿಲು, ಸ್ಟೆಪ್ನಿಯ ಪಂಕ್ಚರು, ಬೆಣ್ಣೆಯಂಥ ಕ್ಲಚ್ಚು ಎಲ್ಲವೂ ಅವನ ತಲೆಯಲ್ಲಿ ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು.

“ಸ್ವಾಮಣ್ಣನ ಮನೆಯವರಾ?” ಎಂದ ಸಣ್ಣ ದನಿಯಲ್ಲಿ.

“ಹ್ಞೂಂ. ಓಡ್ಸಿದವಳೂ ನಾನೇ. ದುಡ್ಡು ಕೊಟ್ಟವಳೂ ನಾನೇ.”

ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತವನು, ಸ್ವಲ್ಪ ಹೊತ್ತಿಗೆ ಭುಜ ಕುಲುಕಿಸಿ ನಗಲು ಶುರುಮಾಡಿದ. ಆಮೇಲೆ ವ್ಯಾಪಾರಿಯ ಬುದ್ಧಿ ಎದ್ದಿತು. ಸಹಿ ಹಾಕಿದ ಫಾರಮ್ಮು ನನ್ನ ಹತ್ತಿರ ಇದೆ, ಮಾರುವವರ ಒಟಿಪಿ ಬರುವುದೂ ನಿಮಗೆ, ಕೊಳ್ಳುವವರದು ಬರುವುದೂ ನಿಮಗೆ, ಐದು ನಿಮಿಷದ ಕೆಲಸ, ಅಣ್ಣನಿಗೆ ಗೊತ್ತೇ ಆಗುವುದಿಲ್ಲ ಎಂದ. ಲ್ಯಾಪ್‌ಟಾಪು ತೆರೆದೂ ತೆರೆದ.

ಸುನೀತಾ ಅದನ್ನು ಮುಚ್ಚಿದಳು.

“ಅವ್ರನ್ನ ಕರ್ಸಿ. ಹೇಳ್ದೆ ಕೇಳ್ದೆ ಮಾಡೋದು ನಮ್ಮನೇಲಿ ಒಂದ್ಸಲ ಆಗಿದೆ, ಸಾಕು.”

ಮದನ ಫೋನು ಮಾಡಿದ. ಒಟಿಪಿ ಬರುವ ಫೋನಿನ ಸಮೇತ ಈಗಿಂದೀಗ ಬನ್ನಿ, ಇಲ್ಲದಿದ್ದರೆ ಎಕ್ಸ್‌ಚೇಂಜು ಕ್ಯಾನ್ಸಲ್, ನನ್ನ ದೊಡ್ಡ ಗಾಡಿ ನನಗೆ ವಾಪಸ್ ಬಿಡಿ ಎಂದ. ಮುಕ್ಕಾಲು ಗಂಟೆಯಲ್ಲಿ ಕರಿ ಗಾಡಿ ಧೂಳೆಬ್ಬಿಸಿಕೊಂಡು ಬಂತು. ನಂಜುಂಡಸ್ವಾಮಿ ಬಿಳಿ ಅಂಗಿಯಲ್ಲಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸುಳ್ಳನ್ನು ಬಾಯಲ್ಲಿ ಸಿದ್ಧವಿಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ಇಳಿದ. ನೀಲಿ ಕಾರಿನ ಸೀಟಿನಲ್ಲಿ ಅವ್ವ, ಪಕ್ಕದಲ್ಲಿ ನಿಂತ ಹೆಂಡತಿ ಕಂಡರು. ಸುಳ್ಳು ಬಾಯಲ್ಲೇ ಉಳಿಯಿತು.

“ಮೂಗೂರಿಗೆ ಓಗಿದ್ದೀರಿ ಅಂದ್ಕಂಡಿದ್ದೆ,” ಎಂದ.

“ಕಾರು ಸರ್ವೀಸಿಗೆ ಓಯ್ತು ಅಂತ ನಾವೂ ಅಂದ್ಕಂಡಿದ್ದೋ ಕಣಪ್ಪ,” ಎಂದರು ದೇವೀರಮ್ಮ.

ವಿಷಯ ತಿಳಿದ ಮೇಲೆ ನಂಜುಂಡಸ್ವಾಮಿ ಮೆತ್ತಗಾದ. ಸಿಟ್ಟಾಗಿದ್ದರೆ ಸುನೀತಾಳಿಗೆ ಸುಲಭವಿತ್ತು. ಮೆತ್ತಗಾದ ಗಂಡಸಿನ ಜೊತೆ ಹೋರಾಡುವುದೇ ಕಷ್ಟ. ಇಷ್ಟಕ್ಕೆಲ್ಲ ಹೆಸರು ಯಾಕೆ ಬದಲಿಸಬೇಕು, ಗಾಡಿ ನನ್ನ ಹೆಸರಿನಲ್ಲೇ ಇರಲಿ, ನಾನೇನು ಬೇರೆಯವನಾ, ಕೀಲಿ ನಿನ್ನ ಹತ್ತಿರವೇ ಇಟ್ಟುಕೋ ಎಂದ. ಗಂಡನ ಗಾಡಿಯನ್ನು ಹೆಂಡತಿ ದುಡ್ಡು ಕೊಟ್ಟು ಕೊಂಡಳು ಎಂದರೆ ನಾಳೆ ಡೈ‌ರಿ ಮೀಟಿಂಗಿನಲ್ಲಿ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದ. ಮದನನ ಕಡೆ ತಿರುಗಿ ನೀನಾದರೂ ಹೇಳಪ್ಪ ಎಂದ. ಮದನ ಕೂಲಿಂಗ್ ಗ್ಲಾಸನ್ನು ತಲೆಯಿಂದ ಕಣ್ಣಿಗೆ ಇಳಿಸಿಕೊಂಡ.

ಸುನೀತಾ ಫೋನು ಕೈಯಲ್ಲಿ ಹಿಡಿದೇ ಹೇಳಿದಳು.

“ನನ್ನ ಕಾರು ಅಂತ ಎಲ್ಲಿ ಬರ್ದದೆ ಅಂದ್ರಿ. ಬರ್ಸಕ್ಕೆ ಬಂದಿದ್ದೀನಿ ಕಣ್ರೀ. ನಾನು ಮುಚ್ಚಿಟ್ಟು ಮಾಡಲ್ಲ. ನಂಬರು ನಂದು, ಒಟಿಪಿ ನಿಮ್ದು. ನೀವು ಹೇಳು ಅಂದ್ರೆ ಹೇಳ್ತೀನಿ, ಬೇಡ ಅಂದ್ರೆ ಇಲ್ಲ. ಬೇಡ ಅಂದ್ರೆ ಆ ಕರಿ ಗಾಡಿ ಇಲ್ಲೇ ಬಿಡಿ. ನಿಮ್ಮ ಹೆಸರಿನ ಗಾಡಿ ಇನ್ನು ನಾನು ಮುಟ್ಟಲ್ಲ, ನನ್ನ ಜೊತೆ ದಿನಾ ಐದು ಗಂಟೆ ಬಸ್ಸಿಗೆ ಬನ್ನಿ. ಚನ್ನಾಜಕ್ಕಂಗೆ ಇನ್ನೊಂದು ನೋಟೀಸು ಬಂದ್ರೆ ಕೆಲ್ಸ ಹೋಗುತ್ತೆ. ಅದನ್ನೂ ನೀವೇ ಹೋಗಿ ಹೇಳಿ ಅವ್ರಿಗೆ.”

ನಂಜುಂಡಸ್ವಾಮಿ ತನ್ನ ಚಪ್ಪಲಿ ನೋಡಿಕೊಂಡ. ದೇವೀರಮ್ಮ ಸೀಟಿನಿಂದ ಇಳಿಯದೆ ಕಿಟಕಿಯಲ್ಲಿ ತಲೆ ಹಾಕಿದರು.

“ಲೇ ನಂಜುಂಡ, ನಿನ್ನ ಒಂಬತ್ತು ತಿಂಗ್ಳು ಒತ್ತು ಎತ್ತಿದ್ದು ನಾನು ಅಂತ ಯಾವ ಕಾಗ್ದದಲ್ಲೂ ಬರ್ಸಿಲ್ಲ ಕಣ್ಲಾ. ಮನೇಲೇ ಎತ್ತಿದ್ದು, ಇಸ್ಕೂಲಿಗೆ ಸೇರಿಸ್ವಾಗ ನಿಮ್ಮಪ್ಪನ ಎಸ್ರು ಒಂದೇ ಕೇಳುದ್ರು. ಅಂದ್ರೆ ನಾನು ನಿಮ್ಮವ್ವ ಅಲ್ವಾ?”

ನಂಜುಂಡಸ್ವಾಮಿ ಹೆಂಡತಿಯ ಕೈಯಲ್ಲಿದ್ದ ಫೋನಿನ ಕಡೆ ಗಲ್ಲ ಎತ್ತಿದ.

“ಹೇಳು,” ಎಂದ.

ಮದನ ಹಾರಿ ಲ್ಯಾಪ್‌ಟಾಪಿನ ಮುಂದೆ ಕೂತ. ಮಾರುವವರ ಒಟಿಪಿ ಬಂತು. ಸುನೀತಾ ಆರು ಅಂಕಿಯನ್ನು ಒಂದೊಂದಾಗಿ, ಪಾಪುವಿಗೆ ತುತ್ತಿಡುವಂತೆ, ಓದಿದಳು. ಕೊಳ್ಳುವವರ ಒಟಿಪಿ ಬಂತು. ಅದನ್ನೂ ಓದಿದಳು. ಪ್ರಿಂಟರು ಗುರುಗುಟ್ಟಿ ಒಂದು ರಶೀದಿ ಉಗುಳಿತು. ಹೊಸ ಮಾಲೀಕರ ಹೆಸರಿನ ಜಾಗದಲ್ಲಿ ಅವಳ ಹೆಸರಿತ್ತು. ಅವಳು ಅದನ್ನು ಚಂಪಕಳಿಗೆ ಫೋಟೋ ತೆಗೆದು ಕಳಿಸಿದಳು. ಚಂಪಕ ಬರೆದು ಉತ್ತರಿಸುವುದನ್ನು ಬಿಟ್ಟು ಫೋನೇ ಮಾಡಿ, ಮಾತಿಲ್ಲದೆ ಅರ್ಧ ನಿಮಿಷ ಶಿಳ್ಳೆ ಹಾಕಿದಳು. ದೇವಸ್ಥಾನದ ಮನೆಯ ಹೆಣ್ಣಿಗೆ ಅಷ್ಟು ಉದ್ದದ ಶಿಳ್ಳೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಗಾಡಿ ಕೊಡುವಾಗ ಚಕ್ರದಡಿಗೆ ಇಡಲು ಮದನ ನಾಲ್ಕು ನಿಂಬೆಹಣ್ಣು ತಂದ. ಒಳ್ಳೇ ರಸದ ಹಣ್ಣು, ಮಣ್ಣುಪಾಲು ಮಾಡಬೇಡ ಎಂದು ದೇವೀರಮ್ಮ ನಾಲ್ಕನ್ನೂ ಬಾಚಿ ಚೀಲಕ್ಕೆ ಹಾಕಿಕೊಂಡರು. ಅವನು ಕೈಮುಗಿದು, ಇನ್ನು ಮೇಲೆ ಹೆಂಗಸರು ಓಡಿಸಿದ ಗಾಡಿ ಎಂದೇ ಹೇಳಿ ಮಾರುತ್ತೇನೆ ಮೇಡಂ, ಬೆಲೆ ಹೆಚ್ಚು ಸಿಗುತ್ತದೆ ಎಂದ. ಸುನೀತಾ ನಗುತ್ತಲೇ ಸೀಟು ಮುಂದಕ್ಕೆಳೆದು, ಕನ್ನಡಿ ತನ್ನ ಕಣ್ಣಿನ ಎತ್ತರಕ್ಕೆ ತಿರುಗಿಸಿಕೊಂಡಳು.

ನಂಜುಂಡಸ್ವಾಮಿ ಕಿಟಕಿಯ ಬಳಿ ಬಂದು ನಿಂತ. ಮುಖದಲ್ಲಿ ಬಣ್ಣ ಸ್ವಲ್ಪ ಮರಳಿತ್ತು. ಒಂದು ಉಪಾಯ ಹೊಳೆದ ಗಂಡಸಿನ ಗೆಲುವೂ ಇತ್ತು. ಬಗ್ಗಿ, ಮದನನಿಗೆ ಕೇಳದ ಹಾಗೆ ಹೇಳಿದ.

“ಸುನಿ, ನಾನು ಮುಂದೆ ಓಯ್ತೀನಿ. ನೀನು ನನ್ನ ಹಿಂದೇನೇ ಬಾ. ಡೈರಿ ಹತ್ರ ಜನ ಇರ್ತಾರೆ. ನಾನೇ ಕೊಡ್ಸಿದ್ದು ಅಂತೀನಿ. ನೀನು ಸುಮ್ನೆ ಹೂಂ ಅಂದ್ಬುಡು, ಸಾಕು.”

ಸುನೀತಾ ಕ್ಲಚ್ಚು ಒತ್ತಿ ಮೊದಲನೇ ಗೇರಿಗೆ ಹಾಕಿದಳು.

“ಹೂಂ ಅನ್ನಲ್ಲ ಕಣ್ರೀ,” ಎಂದಳು. “ಹಿಂದೇನೂ ಬರಲ್ಲ.”